ಗುಡ್ಡದ ಸೈಕಲ್ಲಿನ ಓವರಾಯಿಲ್

ಮೌಂಟನ್ ಬೈಕ್ ಅನ್ನುವುದನ್ನು ಯಾವ ಕಂಪನಿಯೂ ಕೂತು ಯೋಚಿಸಿ ಕಂಡುಹಿಡಿದಿದ್ದಲ್ಲ. ಅದು ಹುಟ್ಟಿದ್ದು ಗುಜರಿ ಸಾಮಾನಿನಿಂದ, ಹಳೇ ಸೈಕಲ್ಲನ್ನು ಮನೆಯಲ್ಲೇ ಬಿಚ್ಚಿ ಜೋಡಿಸುವವರ ಕೈಯಲ್ಲಿ. ಈ ಸಂಗತಿ ಓದಿದ ಮೇಲೆ, ನಮ್ಮ ಬಾಲ್ಕನಿಯಲ್ಲಿ ಎರಡು ತಿಂಗಳಿಂದ ಹರಡಿಕೊಂಡಿರುವ ಕಬ್ಬಿಣದ ಬಗ್ಗೆ ಮನೆಯವರು ಏನಂದರೂ ನನಗೆ ಬೇಜಾರಾಗುತ್ತಿಲ್ಲ!

ಸೈಕಲ್ಲು 1996ರದ್ದು. ನಾನು ಹೈದರಾಬಾದಿಗೆ ಬಂದ ಹೊಸದರಲ್ಲಿ ಕೊಂಡದ್ದು. ದಪ್ಪ ಟೈರು, ನೇರ ಹ್ಯಾಂಡಲ್ಲು, ಫ್ರೇಮಿನ ಮೇಲೆ ‘ಎಂಟಿಬಿ’ ಅಂತ ದೊಡ್ಡ ಸ್ಟಿಕರು. ಗೇರು ಮಾತ್ರ ಒಂದೇ. ತಮಾಷೆ ನೋಡಿ, ಮೌಂಟನ್ ಬೈಕಿಂಗ್ ಮೊದಲ ಸಲ ಒಲಿಂಪಿಕ್ಸಿಗೆ ಸೇರಿದ್ದೂ ಅದೇ 1996ರಲ್ಲಿ, ಅಟ್ಲಾಂಟಾದಲ್ಲಿ. ಅಲ್ಲಿ ಸಾಲು ಸಾಲು ಗೇರುಗಳು, ಇಲ್ಲಿ ನಮಗೆ ಸ್ಟಿಕರು.

ಮೂಲ ಕತೆ ಅಮೆರಿಕದ ಕ್ಯಾಲಿಫೋರ್ನಿಯಾದ್ದು. ಷಿಕಾಗೋದ ಶ್ವಿನ್ ಕಂಪನಿ 1933ರಲ್ಲಿ ಮಕ್ಕಳಿಗಾಗಿ ದಪ್ಪ ಬಲೂನ್ ಟೈರಿನ ಸೈಕಲ್ಲು ತಂದಿತ್ತು. ನಲವತ್ತು ವರ್ಷಗಳ ನಂತರ ಅವು ಗುಜರಿ ಸೇರಿದ್ದವು. ಮರಿನ್ ಕೌಂಟಿಯ ಕೆಲವು ಹುಡುಗರು ಅವನ್ನು ಚಿಲ್ಲರೆ ದುಡ್ಡಿಗೆ ಕೊಂಡು, ಬೇಡದ ತಗಡನ್ನೆಲ್ಲ ಕಿತ್ತುಹಾಕಿ, ಗುಡ್ಡದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಮೊದಲ ಪಂದ್ಯ ನಡೆಯಿತು. ಎರಡು ಮೈಲಿಯ ಆಸುಪಾಸಿನಲ್ಲಿ 1,300 ಅಡಿ ಇಳಿಜಾರು!

ಆ ಸೈಕಲ್ಲುಗಳಿಗೆ ಇದ್ದದ್ದು ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಅದರ ಯಂತ್ರವೆಲ್ಲ ಹಿಂದಿನ ಹಬ್ಬಿನ ಒಳಗೇ. ಕೆಳಗೆ ಮುಟ್ಟುವಷ್ಟರಲ್ಲಿ ಹಬ್ಬು ಕಾದು, ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಬಿಚ್ಚಿ ಗ್ರೀಸು ತುಂಬಬೇಕು. ಇಂಗ್ಲಿಷಿನಲ್ಲಿ ಹಾಗೆ ತುಂಬುವುದಕ್ಕೆ ‘ರೀಪ್ಯಾಕ್’ ಅನ್ನುತ್ತಾರೆ. ಆ ದಾರಿಗೂ ಪಂದ್ಯಕ್ಕೂ ಅದೇ ಹೆಸರು ಉಳಿಯಿತು. ಅಂದರೆ ಈ ಆಟದ ಮೊದಲ ಪಂದ್ಯದ ಹೆಸರೇ ಒಂದು ರಿಪೇರಿ ಕೆಲಸದ್ದು.

ಹಳೇ ಫ್ರೇಮುಗಳು ಮುರಿಯತೊಡಗಿದಾಗ ಜೋ ಬ್ರೀಜ್ 1977ರಲ್ಲಿ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1979ರಲ್ಲಿ ಗ್ಯಾರಿ ಫಿಶರ್ ಮತ್ತು ಚಾರ್ಲಿ ಕೆಲ್ಲಿ, ಟಾಮ್ ರಿಚಿ ಕಟ್ಟಿದ ಫ್ರೇಮುಗಳನ್ನಿಟ್ಟುಕೊಂಡು ‘ಮೌಂಟನ್‌ಬೈಕ್ಸ್’ ಅಂತ ಅಂಗಡಿ ತೆರೆದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ ಸ್ಟಂಪ್‌ಜಂಪರ್ ಬಂತು. ಮರುವರ್ಷ ಜಪಾನಿನ ಶಿಮಾನೊ ಇದಕ್ಕೆಂದೇ ಬಿಡಿಭಾಗಗಳನ್ನು ಮಾಡಿತು. ಹೀಗೆ ಆರೇ ವರ್ಷದಲ್ಲಿ ಗುಜರಿ ಸಾಮಾನು ಷೋರೂಮಿಗೆ ಬಂತು.

ನಮ್ಮಲ್ಲಿ ಆಗಿದ್ದು ಉಲ್ಟಾ. ಅಂಬತ್ತೂರಿನ ಟಿಐ (1949), ಸೋನಿಪತ್ತಿನ ಅಟ್ಲಾಸ್ (1951), ಲೂಧಿಯಾನದ ಹೀರೋ (1956) ಇವೆಲ್ಲ ಬೆಳೆದದ್ದು ಇಂಗ್ಲಿಷ್ ಮಾದರಿಯ ಕರಿ ಸೈಕಲ್ಲಿನ ಮೇಲೆ. ಹಾಲಿನವರು, ಮೇಷ್ಟ್ರು, ಪೋಸ್ಟ್‌ಮನ್ನು, ಎಲ್ಲರಿಗೂ ಅದೇ. ಬೀದರ್, ಕಲಬುರಗಿಗಳಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತಂದು, ಸೀಟಿಗೆ ಕಾಲೆಟುಕದೆ ಒಳಪೆಡಲ್ ತುಳಿದು ಕಲಿತವರಿಗೆ ಅದರ ತೂಕ ಇನ್ನೂ ತೊಡೆಯಲ್ಲಿ ನೆನಪಿದ್ದೀತು. 1991ರ ಮೊದಲು ಹೊರದೇಶದ ಬಿಡಿಭಾಗ ತರಿಸುವುದು ಲೈಸೆನ್ಸಿನ, ಸುಂಕದ ತಲೆನೋವು. ಆಮೇಲೂ ಗೇರು ದುಬಾರಿಯೇ. ಹಾಗಾಗಿ 90ರ ದಶಕದಲ್ಲಿ ಕಾಲೇಜು ಹುಡುಗರಿಗೆ ಸಿಕ್ಕ ‘ಎಂಟಿಬಿ’ಗಳಲ್ಲಿ ಬಹಳಷ್ಟಕ್ಕೆ ವೇಷ ಗುಡ್ಡದ್ದು, ಹೊಟ್ಟೆಯೊಳಗಿನದೆಲ್ಲ ಕರಿ ಸೈಕಲ್ಲಿನದು.

ಬಿಚ್ಚಿ ನೋಡಿದಾಗ ಇದು ಕಣ್ಣಿಗೇ ಕಾಣುತ್ತದೆ. ಪೆಡಲಿನ ಕಾಲು ಅಚ್ಚಿಗೆ ಕೂತಿರುವುದು ಕಾಟರ್ ಪಿನ್ನಿನಿಂದ. ಒಳಗೆ ಒಂದೊಂದು ಬದಿಗೆ ಕಾಲಂಗುಲದ ಹನ್ನೊಂದು ಗುಂಡು. ಹಿಂದಿನ ಹಬ್ಬಿನಲ್ಲೂ ಕಾಲಂಗುಲದವೇ, ಬದಿಗೆ ಒಂಬತ್ತು. ನಮ್ಮ ತಾತನ ಸೈಕಲ್ಲಿನಲ್ಲೂ ಇದೇ ಲೆಕ್ಕ ಇದ್ದಿರಬೇಕು. ಆಗ ಇದನ್ನು ಮೋಸ ಅಂತ ಬೈಯುತ್ತಿದ್ದೆವು. ಈಗ ಇದೇ ವರವಾಗಿದೆ. ನಂತರ ಬಂದ ಗೇರಿನ ಸೈಕಲ್ಲುಗಳ ಹಳೇ ಮಾದರಿಯ ಭಾಗ ಹುಡುಕಿದರೆ ಸಿಗುವುದು ಕಷ್ಟ. ಕಾಟರ್ ಪಿನ್ನು, ಗುಂಡು ಎರಡೂ ಟೀ ಕಾಸಿಗೆ ಸಿಕ್ಕವು.

ನೀವೂ ಕೈಹಾಕುವುದಾದರೆ ಒಂದೆರಡು ಮಾತು. ಕಾಟರ್ ಪಿನ್ನಿಗೆ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಡಿ. ನಟ್ಟನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ಬಿಟ್ಟು, ಕೆಳಗೆ ಪೈಪಿನ ಆಸರೆ ಕೊಟ್ಟು ಒಂದೇ ಏಟು ಹೊಡೆಯಿರಿ. ಮತ್ತೆ ಹಾಕುವಾಗ ಎರಡು ಪಿನ್ನೂ ಎದುರುಬದುರು ದಿಕ್ಕಿನಿಂದ ಹೋಗಬೇಕು, ಇಲ್ಲದಿದ್ದರೆ ಪೆಡಲುಗಳು ಒಂದೇ ಸಾಲಿಗೆ ಬರುವುದಿಲ್ಲ. ರಿಮ್ಮಿನ ತುಕ್ಕಿಗೆ ನಮ್ಮ ಹುಣಸೆಹಣ್ಣೇ ಸಾಕು, ಆಮೇಲೆ ಚೆನ್ನಾಗಿ ತೊಳೆದು ಒರೆಸಿ ಎಣ್ಣೆ ಕೈ ಆಡಿಸಬೇಕು. ಟೈರು ಕೊಳ್ಳುವಾಗ ‘26 ಅಂಗುಲ’ ಅಂದರೆ ಸಾಲದು. 26 × 1⅜ರ ತೆಳು ಟೈರು ಕೂರುವ ವ್ಯಾಸ 590 ಮಿಲಿಮೀಟರು. ದಪ್ಪ 26 × 2.125ರದು 559. ಒಂದು ಇನ್ನೊಂದಕ್ಕೆ ಕೂರುವುದಿಲ್ಲ. ಆ 559 ಬಂದಿರುವುದು ಶ್ವಿನ್ನಿನ 1933ರ ಬಲೂನ್ ಟೈರಿನಿಂದಲೇ. ಹೈದರಾಬಾದಿನ ಬಾಲ್ಕನಿಯಲ್ಲಿ ಷಿಕಾಗೋದ ಅಳತೆ!

ಸಾಮಾನು ಸಿಕ್ಕಿತು, ಕೈಗಳು ಸಿಗುವುದೇ ಕಷ್ಟವಾಯಿತು. ಚಕ್ರದ ಬೆಂಡು ತೆಗೆಯುವುದು ಓದಿ ಬರುವ ವಿದ್ಯೆಯಲ್ಲ. ಮೊದಲೆಲ್ಲ ಗಲ್ಲಿಗೊಬ್ಬ ಸೈಕಲ್ ಮಿಸ್ತ್ರಿ ಇರುತ್ತಿದ್ದ. ಈಗ ನಮ್ಮ ಕಡೆ ಉಳಿದಿರುವುದು ಒಬ್ಬರೇ ಚಾಚಾ. ಅವರೂ ಹೆಚ್ಚಾಗಿ ಸ್ಕೂಟರಿನ ಪಂಚರ್ ಹಾಕುತ್ತಾರೆ. ಚಕ್ರವನ್ನು ತಿರುಗಿಸಿ ಬಿಟ್ಟು, ಕಡ್ಡಿಗಳ ಮೇಲೆ ಬೆರಳಾಡಿಸಿ ಸದ್ದು ಕೇಳಿ, ಸಡಿಲವಾಗಿರುವುದು ಯಾವುದು ಅಂತ ಹೇಳಿದರು. ನಮ್ಮೂರಿನಲ್ಲಿ ‘ಓವರಾಯಿಲ್’ ಅಂತಿದ್ದೆವಲ್ಲ, ಪೂರ್ತಿ ಎಣ್ಣೆ ಬಿಡುವುದು ಅಂತಲೇ ನಾನು ಚಿಕ್ಕಂದಿನಲ್ಲಿ ತಿಳಿದಿದ್ದ ಆ ಕೆಲಸ, ಅದನ್ನು ಕೊನೆಯ ಸಲ ಯಾವಾಗ ಮಾಡಿದಿರಿ ಅಂತ ಕೇಳಿದೆ. “ಯಾದ್ ನಹೀ ಸಾಬ್” ಅಂದರು. ಮಗ ಈ ಕೆಲಸ ಕಲಿತಿಲ್ಲವಂತೆ. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನವೇ, ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದಾಗ ಪೇಪರಿನವರು ಬರೆದರು. ಗಲ್ಲಿಯ ಅಂಗಡಿ ಮುಚ್ಚಿದರೆ ಬರೆಯುವವರಿಲ್ಲ.

ಪೇಂಟು ಹೊಡೆಸುವುದೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ಆಯಿತು. ಬೇಡ ಅಂತ ತೀರ್ಮಾನಿಸಿದೆ. ಆಮೇಲೆ ಹಾಕಿಸಿದ ಕ್ಯಾರಿಯರು, ತರಕಾರಿ ಚೀಲ ಉಜ್ಜಿ ಬಣ್ಣ ಹೋದ ಜಾಗ, ಇವೂ ಅದರ ಚರಿತ್ರೆಯೇ ತಾನೆ? ಕ್ಯಾಲಿಫೋರ್ನಿಯಾದ ಆ ಹುಡುಗರು 1933ರ ರೂಪಕ್ಕೆ ವಾಪಸು ತರಲು ಹೊರಟಿದ್ದರೆ ಮೌಂಟನ್ ಬೈಕೇ ಹುಟ್ಟುತ್ತಿರಲಿಲ್ಲ.

ಓಡಿಸುವ ಜಾಗದ ಮಾತಿಗೆ ಬಂದರೆ ಮನಸ್ಸು ಭಾರವಾಗುತ್ತದೆ. ಹೈದರಾಬಾದಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ನಾನು ಬಂದಾಗ ಮಾದಾಪುರದ ಕಡೆ ಅವುಗಳ ನಡುವೆಯೇ ಕಾಲುದಾರಿಗಳಿದ್ದವು. ಅವನ್ನು ಉಳಿಸಲೆಂದು ‘ಸೊಸೈಟಿ ಟು ಸೇವ್ ರಾಕ್ಸ್’ ಶುರುವಾದದ್ದೂ 1996ರಲ್ಲೇ. ಎರಡೇ ವರ್ಷಕ್ಕೆ ಸೈಬರ್ ಟವರ್ಸ್ ಎದ್ದಿತು, ಆಮೇಲೆ ಎಷ್ಟೋ ಬಂಡೆಗಳು ಸಿಡಿದು ಜಲ್ಲಿಯಾದವು. 2023ರ ಅಕ್ಟೋಬರಿನಲ್ಲಿ ಔಟರ್ ರಿಂಗ್ ರೋಡಿನ ಪಕ್ಕ ಸೋಲಾರ್ ಚಾವಣಿಯ 23 ಕಿಲೋಮೀಟರ್ ಸೈಕಲ್ ದಾರಿ ಆಯಿತು. ಒಳ್ಳೆಯದೇ, ನೆರಳಿದೆ. ಆದರೆ ಗುಡ್ಡಕ್ಕೆಂದು ಸ್ಟಿಕರ್ ಹಚ್ಚಿಸಿಕೊಂಡು ಬಂದ ಸೈಕಲ್ಲು ಉಳಿಯಿತು, ಗುಡ್ಡ ಕರಗಿತು.

ಮುಂದಿನ ಭಾನುವಾರ ಚಾಚಾನ ಹತ್ತಿರ ಕೂತು ಬೆಂಡು ತೆಗೆಯುವುದನ್ನು ಕಲಿಯಬೇಕೆಂದಿದ್ದೇನೆ. ಒಪ್ಪಿದ್ದಾರೆ. ನಿಮ್ಮ ಓಣಿಯಲ್ಲೂ ಅಂಥವರು ಯಾರಾದರೂ ಉಳಿದಿದ್ದರೆ ಹಳೇ ಸೈಕಲ್ಲನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ತಳ್ಳಿಕೊಂಡು ಹೋಗಿ.