ಫ್ಲೈ ಫಿಶಿಂಗ್: ನೀರಿಗಿಳಿಯುವ ಮೊದಲು ಹುಲ್ಲಿನ ಮೇಲೆ ಕಲಿಕೆ

ಭೀಮಾ, ಪಯಸ್ವಿನಿ, ಕಬಿನಿ, ಮೋಯಾರ್ ತೀರದ ನಮ್ಮ ಗಡಿನಾಡ ಕನ್ನಡಿಗರಿಗೆ ಗಾಳ ಹಾಕುವುದು ಹೊಸದಲ್ಲ. ಎರೆಹುಳು ಸಿಕ್ಕಿಸಿ, ಬೆಂಡು ಕಟ್ಟಿ, ದಂಡೆಯಲ್ಲಿ ಕಾದು ಕೂರುವುದನ್ನು ಹಲವರು ಬಾಲ್ಯದಿಂದ ನೋಡಿದ್ದೇವೆ. ಫ್ಲೈ ಫಿಶಿಂಗ್ ಇದಕ್ಕಿಂತ ಬೇರೆಯೇ ಆದ ವಿದ್ಯೆ. ಕಾದು ಕೂರುವುದಕ್ಕಿಂತ ಕೈಯ ಅಭ್ಯಾಸ ಇಲ್ಲಿ ಮುಖ್ಯ. ಕಲಿಯಬೇಕೆನ್ನುವ ಯುವಕ-ಯುವತಿಯರಿಗಾಗಿ ಅದರ ಕ್ರಮವನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಸಾಮಾನ್ಯ ಗಾಳಕ್ಕೂ ಇದಕ್ಕೂ ಇರುವ ವ್ಯತ್ಯಾಸ

ಸಾಮಾನ್ಯ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ಅಥವಾ ಎರೆಯ ಭಾರವೇ ತೆಳು ದಾರವನ್ನು ದೂರಕ್ಕೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಸಣ್ಣ ಕೊಕ್ಕೆಯ ಮೇಲೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ನಕಲಿ ಹುಳು. ಅದಕ್ಕೆ ಹೇಳಿಕೊಳ್ಳುವಂಥ ಭಾರವಿಲ್ಲ, ಕೈಯಿಂದ ಎಸೆದರೆ ಕಾಲ ಬಳಿಯೇ ಬೀಳುತ್ತದೆ. ಆದ್ದರಿಂದ ಇಲ್ಲಿ ಭಾರ ಇರುವುದು ದಾರದಲ್ಲಿ. ರಾಡ್ ದಾರವನ್ನು ಬೀಸುತ್ತದೆ, ದಾರ ಫ್ಲೈಯನ್ನು ಹೊತ್ತೊಯ್ಯುತ್ತದೆ.

ಈ ದಾರಗಳಿಗೆ ಸಂಖ್ಯೆಗಳಿವೆ. ದಾರದ ಮೊದಲ 30 ಅಡಿಯ ತೂಕದ ಮೇಲೆ ಸಂಖ್ಯೆ ನಿಗದಿಯಾಗುತ್ತದೆ. 5ನೇ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಹೊಸಬರಿಗೆ 9 ಅಡಿಯ ರಾಡ್ ಮತ್ತು 5ನೇ ಸಂಖ್ಯೆಯ ದಾರ ಸೂಕ್ತ. ರಾಡ್ ಮತ್ತು ದಾರದ ಸಂಖ್ಯೆ ಒಂದೇ ಆಗಿರಬೇಕು. ದಾರದ ತುದಿಗೆ ಸುಮಾರು 9 ಅಡಿ ಉದ್ದದ, ತುದಿಗೆ ಹೋದಂತೆ ತೆಳುವಾಗುವ ಲೀಡರ್ ಕಟ್ಟುತ್ತಾರೆ.

ನಮ್ಮ ಸುತ್ತಮುತ್ತ ಇದು ಎಲ್ಲಿದೆ

ನಮ್ಮ ಗಡಿ ಪ್ರದೇಶಗಳಲ್ಲಿ ಈ ವಿದ್ಯೆ ಹೆಸರು ಮಾಡಿದ್ದು ನೀಲಗಿರಿಯಲ್ಲಿ. ಅಲ್ಲಿಯ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಮೀನು ಬೆಳೆಸಲು 19ನೇ ಶತಮಾನದಲ್ಲೇ ಬ್ರಿಟಿಷರು ಪ್ರಯತ್ನಿಸಿ ಸೋತಿದ್ದರು. 20ನೇ ಶತಮಾನದ ಆರಂಭದಲ್ಲಿ ಎಚ್. ಸಿ. ವಿಲ್ಸನ್ ಅವರ ಶ್ರಮದಿಂದ ರೇನ್‌ಬೋ ಟ್ರೌಟ್ ನೆಲೆಯೂರಿತು. ಅವಲಾಂಚಿಯ ಟ್ರೌಟ್ ಮರಿ ಉತ್ಪಾದನಾ ಕೇಂದ್ರ 1907ರದು. ಇದು ಈ ನೆಲದ ಮೀನಲ್ಲ, ಹೊರಗಿನಿಂದ ಬಂದದ್ದು ಎಂಬುದನ್ನೂ ನೆನಪಿಡಬೇಕು.

ಇನ್ನು ಕಾವೇರಿ ಕಣಿವೆಯ ದೊಡ್ಡ ಮಹಶೀರ್ ಮೀನಿನ ಕಥೆ. ಬೆನ್ನು ಗೂನಿರುವ, ಕಿತ್ತಳೆ ರೆಕ್ಕೆಯ ಈ ಮೀನು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2018ರಲ್ಲಿ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಶೃಂಗೇರಿ, ಶಿಶಿಲದ ಮತ್ಸ್ಯತೀರ್ಥಗಳಲ್ಲಿ ಮಹಶೀರ್ ಜಾತಿಯ ಮೀನುಗಳಿಗೆ ಅಕ್ಕಿ, ಪುರಿ ಹಾಕಿ ಕೈಮುಗಿಯುವ ನಾಡು ನಮ್ಮದು. ನದಿಯಲ್ಲಿರುವ ಮೀನಿನ ಬಗ್ಗೆಯೂ ಅಷ್ಟೇ ಕಾಳಜಿ ಬೇಕು.

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಕಾರಣದಿಂದ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಒಳಗೆ ಗಾಳ ಹಾಕುವಂತಿಲ್ಲ. ಮುಕುರ್ತಿ ರಾಷ್ಟ್ರೀಯ ಉದ್ಯಾನ, ತಾಳವಾಡಿಯನ್ನು ಸುತ್ತುವರಿದ ಸತ್ಯಮಂಗಲ ಹುಲಿ ಅಭಯಾರಣ್ಯ, ವಯನಾಡು ಅಭಯಾರಣ್ಯ ಇವೆಲ್ಲ ಈ ಲೆಕ್ಕದಲ್ಲಿ ಬರುತ್ತವೆ. ಕಾವೇರಿ ವನ್ಯಧಾಮದಲ್ಲಿ ಒಂದು ಕಾಲಕ್ಕೆ ಪ್ರಸಿದ್ಧವಾಗಿದ್ದ ಭೀಮೇಶ್ವರಿಯ ಗಾಳದ ಶಿಬಿರವೂ ಇದೇ ಕಾರಣಕ್ಕೆ ನಿಂತಿತು. ಹೊರಗಿನ ಕೆರೆ, ಹಳ್ಳ, ಜಲಾಶಯಗಳಿಗೂ ಮೀನುಗಾರಿಕೆ ಇಲಾಖೆಯನ್ನೋ ಗುತ್ತಿಗೆ ಹಿಡಿದವರನ್ನೋ ಮೊದಲು ಕೇಳಬೇಕು.

ಒಟ್ಟಿನಲ್ಲಿ ನಮಗೆ ಸಿಗುವ ನೀರು ಕಡಿಮೆ, ಅದರಲ್ಲಿರುವ ಮೀನು ಇನ್ನೂ ಕಡಿಮೆ. ಅಂಥ ನೀರಿನಲ್ಲಿ ನಿಂತು ಎಡವುತ್ತಾ ಕಲಿಯುವುದು ಸರಿಯಲ್ಲ. ಅದೃಷ್ಟಕ್ಕೆ, ಈ ವಿದ್ಯೆಯ ಮುಕ್ಕಾಲು ಪಾಲನ್ನು ಶಾಲೆಯ ಮೈದಾನದಲ್ಲೇ ಕಲಿಯಬಹುದು.

ಬೀಸುವ ಐದು ಸೂತ್ರಗಳು

ಬಿಲ್ ಗ್ಯಾಮೆಲ್ ಮತ್ತು ಜೇ ಗ್ಯಾಮೆಲ್ 1990ರಲ್ಲಿ ಬರೆದಿಟ್ಟ ಐದು ಅಂಶಗಳನ್ನು ಇಂದು ಬೋಧಕರು ವ್ಯಾಪಕವಾಗಿ ಬಳಸುತ್ತಾರೆ. ನಮ್ಮ ಮಾತಿನಲ್ಲಿ ಅವು ಹೀಗಿವೆ:

1. ದಾರದಲ್ಲಿ ಸಡಿಲು ಇರಬಾರದು. ಸಡಿಲಿದ್ದರೆ ಕೈಯ ಬಲ ಅದನ್ನು ಬಿಗಿ ಮಾಡುವುದರಲ್ಲೇ ಮುಗಿಯುತ್ತದೆ.
2. ಹಿಂದೆ ಬೀಸಿದ ಮೇಲೆ ನಿಲ್ಲಬೇಕು. ದಾರ ಪೂರ್ತಿ ಬಿಚ್ಚಿಕೊಂಡ ಮೇಲೆಯೇ ಮುಂದಕ್ಕೆ ಬೀಸಬೇಕು. ದಾರ ಉದ್ದವಾದಷ್ಟೂ ನಿಲುಗಡೆಯೂ ದೀರ್ಘ.
3. ದಾರ ಉದ್ದವಾದಂತೆ ಕೈ ಚಲಿಸುವ ದೂರವೂ ಹೆಚ್ಚಬೇಕು.
4. ಬಲವನ್ನು ನಿಧಾನವಾಗಿ ಹೆಚ್ಚಿಸಿ, ಕೊನೆಗೆ ರಾಡನ್ನು ಥಟ್ಟನೆ ನಿಲ್ಲಿಸಬೇಕು.
5. ರಾಡಿನ ತುದಿ ನೇರ ಗೆರೆಯಲ್ಲಿ ಸಾಗಬೇಕು.

ಈ ಐದೂ ಕೂಡಿಬಂದಾಗ ಗಾಳಿಯಲ್ಲಿ ದಾರ ಯು ಅಕ್ಷರವನ್ನು ಅಡ್ಡ ಮಲಗಿಸಿದಂತೆ ಕಿರಿದಾದ ಲೂಪ್ ಆಗಿ ಉರುಳುತ್ತಾ ಹೋಗುತ್ತದೆ. ತಪ್ಪು ಎಲ್ಲಿದೆ ಎಂಬುದನ್ನೂ ಲೂಪೇ ತೋರಿಸುತ್ತದೆ. ಲೂಪ್ ಅಗಲವಾಗಿದ್ದರೆ ರಾಡಿನ ತುದಿ ಕಮಾನಿನಂತೆ ಸಾಗಿದೆ, ಹೆಚ್ಚಾಗಿ ಮಣಿಕಟ್ಟು ಬಾಗಿದೆ ಎಂದರ್ಥ. ಹಿಂದೆ ಚಾಟಿ ಹೊಡೆದಂತೆ ಶಬ್ದ ಬಂದರೆ ನಿಲುಗಡೆ ಸಾಲದು. ಲೀಡರಿನಲ್ಲಿ ತಾನಾಗಿ ಗಂಟು ಬಿದ್ದರೆ ಗಾಳಿಯನ್ನು ದೂರುವುದು ವಾಡಿಕೆ. ಸಾಮಾನ್ಯವಾಗಿ ಅದಕ್ಕೆ ಕಾರಣ ಒಮ್ಮೆಲೇ ಬಲ ಹಾಕಿದ್ದು. ಅಂಥ ಗಂಟು ಲೀಡರಿನ ಶಕ್ತಿಯನ್ನು ಬಹಳವಾಗಿ ಕುಗ್ಗಿಸುತ್ತದೆ. ಮೀನು ಅಲ್ಲಿಯೇ ಹರಿದುಕೊಂಡು, ಕೊಕ್ಕೆ ಬಾಯಲ್ಲಿಟ್ಟುಕೊಂಡು ಹೋಗುತ್ತದೆ.

ನಾಲ್ಕು ವಾರದ ಅಭ್ಯಾಸ

ವಾರಕ್ಕೆ ಒಂದು ದಿನ ಮೂರು ಗಂಟೆಗಿಂತ ದಿನಕ್ಕೆ 15–20 ನಿಮಿಷ ಲೇಸು. ದಣಿದ ಕೈ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ. ಫ್ಲೈ ಬದಲು ಬಣ್ಣದ ಉಣ್ಣೆಯ ಚೂರು ಕಟ್ಟಿ. ಕನ್ನಡಕ, ಟೋಪಿ ಮರೆಯಬೇಡಿ. ಸಿಮೆಂಟ್ ನೆಲ ದಾರವನ್ನು ಉಜ್ಜಿ ಹಾಳುಮಾಡುತ್ತದೆ, ಹುಲ್ಲೇ ಇರಲಿ.

* ಮೊದಲ ವಾರ: 20–25 ಅಡಿ ದಾರ ಮಾತ್ರ. ರಾಡನ್ನು ಅಡ್ಡ ಹಿಡಿದು ನೆಲಕ್ಕೆ ಸಮನಾಗಿ ಬೀಸಿ. ಹಿಂದಿನ, ಮುಂದಿನ ಎರಡೂ ಲೂಪ್ ಕಣ್ಣಿಗೆ ಕಾಣುತ್ತವೆ.
* ಎರಡನೇ ವಾರ: ರಾಡ್ ನೇರವಾಗಿ. ಪ್ರತಿ ಸಲವೂ ತಲೆ ತಿರುಗಿಸಿ ಹಿಂದಿನ ಬೀಸನ್ನು ನೋಡಿ. ಹಿಂದಿನದು ಕೆಟ್ಟರೆ ಮುಂದಿನದು ಸರಿಯಾಗದು.
* ಮೂರನೇ ವಾರ: 20, 25, 30 ಅಡಿ ದೂರದಲ್ಲಿ ಊಟದ ತಟ್ಟೆಗಳನ್ನಿಟ್ಟು ಗುರಿ ಹಿಡಿಯಿರಿ. ಸಣ್ಣ ತೊರೆಯಲ್ಲಿ ಇದಕ್ಕಿಂತ ದೂರ ಬೇಕಾಗುವುದು ಅಪರೂಪ.
* ನಾಲ್ಕನೇ ವಾರ: ಮೊಬೈಲಿನಲ್ಲಿ ಪಕ್ಕದಿಂದ ಚಿತ್ರೀಕರಿಸಿ, ನಿಧಾನಗತಿಯಲ್ಲಿ ನೋಡಿ ಐದು ಸೂತ್ರಗಳೊಂದಿಗೆ ಹೋಲಿಸಿ. ಸಂಜೆ ಗಂಟು ಕಟ್ಟುವುದನ್ನು ಕಲಿಯಿರಿ. ಗಂಟನ್ನು ಬಿಗಿಯುವ ಮೊದಲು ಒದ್ದೆ ಮಾಡಬೇಕು.

ಗುರು ಏಕೆ ಬೇಕು

ಪುಸ್ತಕ, ವಿಡಿಯೊಗಳಿಂದ ಕಲಿಯಬಹುದು, ಆದರೆ ನಮ್ಮ ಮಣಿಕಟ್ಟು ನಮಗೇ ಕಾಣುವುದಿಲ್ಲ. ಸಂಗೀತ ಪಾಠದಲ್ಲಿ ಶ್ರುತಿ ತಪ್ಪಿದ್ದನ್ನು ಗುರುವೇ ಮೊದಲು ಗುರುತಿಸುವಂತೆ ಇಲ್ಲಿಯೂ ಹೊರಗಿನ ಕಣ್ಣು ಬೇಕು. ಅಮೆರಿಕದಲ್ಲಿ ಜೋನ್ ವುಲ್ಫ್ ಮತ್ತು ಲೀ ವುಲ್ಫ್ 1979ರಲ್ಲಿ ಇದಕ್ಕೆಂದೇ ಶಾಲೆ ತೆರೆದರು. ಈಗ ಫ್ಲೈ ಫಿಶರ್ಸ್ ಇಂಟರ್‌ನ್ಯಾಷನಲ್ ಎನ್ನುವ ಸಂಸ್ಥೆ 1992ರಿಂದ ಬೋಧಕರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಿದೆ. ಒಳ್ಳೆಯ ಬೋಧಕರು ಒಂದು ಸಲಕ್ಕೆ ಒಂದೇ ತಪ್ಪನ್ನು ತಿದ್ದುತ್ತಾರೆ. ಹತ್ತು ತಪ್ಪು ಒಟ್ಟಿಗೆ ಹೇಳಿದರೆ ಕೈ ಯಾವುದನ್ನೂ ಹಿಡಿಯುವುದಿಲ್ಲ. ಗುರು ಸಿಗದಿದ್ದರೆ ಇಬ್ಬರು ಜೊತೆಯಾಗಿ ಅಭ್ಯಾಸ ಮಾಡಿ, ಒಬ್ಬರು ಬೀಸಿದರೆ ಇನ್ನೊಬ್ಬರು ನೋಡಿ ಹೇಳಲಿ.

ನೀರಿಗೆ ಇಳಿದ ಮೇಲೆ

ಹರಿವ ನೀರಿನಲ್ಲಿ ಮೀನು ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಬಂಡೆಯ ಹಿಂದೆ, ವೇಗದ ನೀರೂ ನಿಧಾನದ ನೀರೂ ಸೇರುವ ಅಂಚಿನಲ್ಲಿ ಹುಡುಕಿ. ಮೊದಲ ಹತ್ತು ನಿಮಿಷ ರಾಡ್ ಮುಟ್ಟದೆ ನೋಡುವುದು, ಕಲ್ಲು ಮಗುಚಿ ಅಡಿಯಲ್ಲಿ ಯಾವ ಹುಳುಗಳಿವೆ ಎಂದು ತಿಳಿಯುವುದು ಕೂಡ ಪಾಠವೇ. ಆ ಕಲ್ಲನ್ನು ಮತ್ತೆ ಇದ್ದಂತೆಯೇ ಇಡಿ.

ಕೊಕ್ಕೆಯ ಮುಳ್ಳನ್ನು ಇಕ್ಕುಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡೇ ಹೋಗಿ. ಮೀನು ಸಿಕ್ಕರೆ ಬಹಳ ಹೊತ್ತು ಆಡಿಸಬೇಡಿ. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ, ಕೈ ಒದ್ದೆ ಮಾಡಿ ನೀರಿನೊಳಗೇ ಕೊಕ್ಕೆ ಬಿಡಿಸಿ. ಟ್ರೌಟ್ ತಣ್ಣೀರಿನ ಮೀನು. ನೀರು 20 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಅಂದಿನ ಆಟ ಅಲ್ಲಿಗೆ ನಿಲ್ಲಿಸಿ.

ರಾಡ್ ಹಂಚಿಕೊಳ್ಳಬಹುದಾದ ವಸ್ತು. ಊರಿನ ನಾಲ್ವರು ಸೇರಿ ಒಂದು ಕೊಂಡರೂ ಮೈದಾನದ ಪಾಠಕ್ಕೆ ಸಾಕು. 30 ಅಡಿಯ ತಟ್ಟೆಗೆ ಹತ್ತರಲ್ಲಿ ಏಳು ಸಲ ಉಣ್ಣೆಯ ಚೂರು ಬೀಳುವಂತಾದ ದಿನ, ಅನುಮತಿ ಇರುವ ನೀರನ್ನು ಹುಡುಕಿ ಹೊರಡಿ.