ಇದ್ದಿಲು, ಕಾಕಂಬಿ, ಸೀಮೆಎಣ್ಣೆ: ಟ್ಯಾಂಕಿನ ತಳದಲ್ಲಿ ಉಳಿದ ಕತೆ

ಬೆಳಿಗ್ಗೆ ಆರಕ್ಕೆ ಬಸ್ಸು ಹೊರಡಬೇಕಾದರೆ ಕ್ಲೀನರ್ ಐದಕ್ಕೂ ಮೊದಲೇ ಏಳಬೇಕಿತ್ತು. ಬಸ್ಸಿನ ಬೆನ್ನಿಗೆ ಕಟ್ಟಿದ ಕಬ್ಬಿಣದ ಒಲೆಗೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಗಾಳಿಯೂದುವ ಚಕ್ರದ ಹಿಡಿಯನ್ನು ಗರಗರ ತಿರುಗಿಸುತ್ತಾ ಕೂರಬೇಕು. ಒಲೆ ಕಾದು ಗ್ಯಾಸು ಹುಟ್ಟುವ ಹೊತ್ತಿಗೆ ಹುಡುಗನ ಮುಖ ಮಸಿಯಾಗಿರುತ್ತಿತ್ತು, ರೆಟ್ಟೆ ಸೋತಿರುತ್ತಿತ್ತು. ಚೂರು ಪೆಟ್ರೋಲು ಕುಡಿಸಿ ಎಂಜಿನ್ ಎಬ್ಬಿಸಿ, ಆಮೇಲೆ ಗ್ಯಾಸಿಗೆ ಬದಲಾಯಿಸುವುದು ಡ್ರೈವರನ ಕೈಚಳಕ. ಎರಡನೇ ಮಹಾಯುದ್ಧದ ಕಾಲದ ಮೈಸೂರು ಸೀಮೆಯಲ್ಲೂ ದಕ್ಷಿಣ ಕನ್ನಡದಲ್ಲೂ ಓಡಾಡಿದ ‘ಇದ್ದಿಲು ಬಸ್ಸು’ ಇದೇ. ಏರು ಬಂದಾಗ ಗಂಡಸರೆಲ್ಲ ಇಳಿದು ನೂಕುತ್ತಿದ್ದ ಕತೆಯನ್ನು ಹಳಬರು ನಗುತ್ತಲೇ ಹೇಳುತ್ತಿದ್ದರು. ನೂಕಿದವರೂ ಪೂರ್ತಿ ಟಿಕೆಟ್ಟಿನ ದುಡ್ಡು ಕೊಟ್ಟವರೇ ಎಂಬುದು ಮಾತ್ರ ಆ ನಗೆಯಲ್ಲಿ ಮರೆಯಾಗುತ್ತಿತ್ತು.

ಭಾರತದಲ್ಲಿ ಪೆಟ್ರೋಲಿಗೆ ರೇಷನ್ ಬಂದದ್ದು 1941ರಲ್ಲಿ. ಮರುವರ್ಷ ಬರ್ಮಾ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಎಣ್ಣೆಯೂ ನಿಂತಿತು. ಇದ್ದಿಲನ್ನು ಅರೆಬರೆ ಗಾಳಿಯಲ್ಲಿ ಉರಿಸಿದರೆ ಬರುವ ಅನಿಲದಲ್ಲಿ ಸುಡುವ ಅಂಶ ಕಾರ್ಬನ್ ಮಾನಾಕ್ಸೈಡ್ ಮತ್ತು ಒಂದಿಷ್ಟು ಹೈಡ್ರೋಜನ್. ಅರ್ಧದಷ್ಟು ಭಾಗ ಸುಡದೇ ಇರುವ ನೈಟ್ರೋಜನ್. ಪೆಟ್ರೋಲಿಗೆಂದು ಕಟ್ಟಿದ ಎಂಜಿನ್ನಿಗೆ ಇದನ್ನು ಉಣಿಸಿದರೆ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಟಾರು ಬಂದು ವಾಲ್ವಿಗೆ ಅಂಟುತ್ತದೆ. ಸೋಸುವ ಡಬ್ಬಿಯಿಂದ ತಪ್ಪಿಸಿಕೊಂಡ ಬೂದಿ ಸಿಲಿಂಡರನ್ನು ಉಜ್ಜಿ ಸವೆಸುತ್ತದೆ. ಬಸ್ಸಿನ ಮಾಲೀಕ ಡ್ರೈವರನನ್ನು ಬೈದ, ಡ್ರೈವರ ಕ್ಲೀನರನನ್ನು ಬೈದ. ರೋಗ ಬಂದದ್ದು ಮಾತ್ರ ಯುದ್ಧದಿಂದ.

ಎಂಜಿನ್ನಿನ ಕಾಯಿಲೆಗಳನ್ನು ನಾವು ಸಾಮಾನ್ಯವಾಗಿ ಯಂತ್ರದ ದೋಷವೆಂದೋ ಓಡಿಸುವವನ ತಪ್ಪೆಂದೋ ಲೆಕ್ಕ ಹಾಕುತ್ತೇವೆ. ಪಿಕಪ್ ಇಲ್ಲ, ಮಿಸ್ಸಿಂಗ್ ಹೊಡೆಯುತ್ತಿದೆ, ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲ, ಮೈಲೇಜು ಬಿತ್ತು: ಎಂಬತ್ತು ವರ್ಷಗಳಿಂದ ಗ್ಯಾರೇಜಿನ ಬಾಗಿಲಲ್ಲಿ ಕೇಳಿಬರುವ ದೂರುಗಳು ಇವೇ. ಇವುಗಳಲ್ಲಿ ಒಂದು ದೊಡ್ಡ ಪಾಲಿನ ಬೇರು ಬಾನೆಟ್ಟಿನ ಕೆಳಗಿಲ್ಲ, ಟ್ಯಾಂಕಿನಲ್ಲಿದೆ. ಟ್ಯಾಂಕಿಗೆ ಏನು ಬೀಳಬೇಕೆಂದು ತೀರ್ಮಾನಿಸಿದವರು ಯಾವತ್ತೂ ಗ್ಯಾರೇಜಿನಿಂದ ದೂರ ಇದ್ದವರು.

ಯುದ್ಧದ ದಿನಗಳಲ್ಲಿ ಇದ್ದಿಲಿನ ಜೊತೆಗೆ ಮೈಸೂರು ಸಂಸ್ಥಾನಕ್ಕೆ ಇನ್ನೊಂದು ದಾರಿಯೂ ಇತ್ತು. ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯಲ್ಲಿ ಮಂಡ್ಯದ ಬಯಲಿಗೆ ಹರಿದ ಮೇಲೆ ಅಲ್ಲಿ ಕಬ್ಬು ಬಂತು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದಲ್ಲಿ, ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರ ಒತ್ತಾಸೆಯಿಂದ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಒಂದು ಟನ್ ಕಬ್ಬಿಗೆ ಸುಮಾರು ನಲವತ್ತು ಕಿಲೋ ಕಾಕಂಬಿ ಬೀಳುತ್ತದೆ. ಅದನ್ನು ಚೆಲ್ಲಲು ಜಾಗವಿಲ್ಲ, ಇಟ್ಟರೆ ನಾತ. ಹುಳಿ ಬರಿಸಿ ಬಟ್ಟಿ ಇಳಿಸಿದರೆ ಮಾತ್ರ ಅದು ದುಡ್ಡು: ಒಂದು ಟನ್ ಕಾಕಂಬಿಯಿಂದ ಇನ್ನೂರಕ್ಕೂ ಹೆಚ್ಚು ಲೀಟರ್ ಮದ್ಯಸಾರ. ಅದರಲ್ಲಿ ಒಂದಷ್ಟು ಸಾರಾಯಿಯಾಯಿತು. ನೀರಿನ ಅಂಶವನ್ನು ಪೂರಾ ತೆಗೆದ ಇನ್ನೊಂದಷ್ಟು ‘ಪವರ್ ಆಲ್ಕೋಹಾಲ್’ ಎಂಬ ಹೆಸರಿನಲ್ಲಿ ಪೆಟ್ರೋಲಿಗೆ ಬೆರೆಯಿತು. ನಿಜಾಮರ ಸಂಸ್ಥಾನದಲ್ಲಿ ಬೋಧನದ ಸಕ್ಕರೆ ಕಾರ್ಖಾನೆಯೂ ಇದೇ ಹಾದಿ ಹಿಡಿಯಿತು. ಇವತ್ತು ಹೊಸ ಆವಿಷ್ಕಾರವೆಂಬಂತೆ ಜಾಹೀರಾತಾಗುವ ಎಥನಾಲ್ ಪೆಟ್ರೋಲನ್ನು ಮಂಡ್ಯದ ಸೀಮೆ ಸ್ವಾತಂತ್ರ್ಯಕ್ಕೆ ಮೊದಲೇ ಕಂಡಿತ್ತು.

ಅದರ ಗುಣವೂ ಅವಗುಣವೂ ಆಗಲೇ ಗೊತ್ತಾಗಿದ್ದವು. ಮದ್ಯಸಾರ ಕುಟ್ಟುವುದಿಲ್ಲ, ಅಂದರೆ ಸಿಲಿಂಡರಿನೊಳಗೆ ಕಾಲಕ್ಕೆ ಮುಂಚೆ ಹೊತ್ತಿಕೊಂಡು ಟಕಟಕ ಸದ್ದು ಮಾಡುವುದಿಲ್ಲ. ಇದು ಗುಣ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಾಖ ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ. ಅದಕ್ಕೆ ನೀರಿನ ಮೇಲೆ ಮೋಹ ಬೇರೆ. ಗಾಳಿಯ ತೇವವನ್ನೂ ಬಿಡದೆ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಎಂಜಿನ್ನಿಗೆ ಹೋಗುವ ಪೈಪಿನ ಬಾಯಿ ಇರುವುದೂ ಅಲ್ಲಿಯೇ. ಹಳೆ ಟ್ಯಾಂಕಿನ ಒಳಗೋಡೆಗೆ ಅಂಟಿದ್ದ ಕಿಲುಬು, ಅಂಟು ಎಲ್ಲವನ್ನೂ ತೊಳೆದು ತಂದು ಫಿಲ್ಟರಿಗೆ, ಕಾರ್ಬ್ಯುರೇಟರಿನ ಸೂಜಿಗಣ್ಣಿನಂಥ ಜೆಟ್ಟಿಗೆ ತುಂಬುತ್ತದೆ. ಕೆಲವು ಬಗೆಯ ರಬ್ಬರು ಉಬ್ಬುತ್ತದೆ, ಕೆಲವು ಲೋಹಕ್ಕೆ ತುಕ್ಕು ಹಿಡಿಯುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಇಡೀ ದೇಶಕ್ಕೆ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆ ಬಂತು. ಬಂದದ್ದೇನೋ ನಿಜ. ಆದರೆ ಐವತ್ತರ ದಶಕದಲ್ಲಿ ಹೊರಗಿನ ಕಚ್ಚಾ ಎಣ್ಣೆ ಅಗ್ಗವಾಗಿತ್ತು. ಮುಂಬಯಿಯ ಕಡಲಂಚಿನಲ್ಲಿ ಸಂಸ್ಕರಣಾಗಾರಗಳು ಎದ್ದವು, 1957ರಲ್ಲಿ ವಿಶಾಖಪಟ್ಟಣದಲ್ಲಿ ಕಾಲ್ಟೆಕ್ಸ್ ಕಂಪನಿಯದು ಶುರುವಾಯಿತು. ಮದ್ಯಸಾರ ರಾಸಾಯನಿಕ ಕಾರ್ಖಾನೆಗಳಿಗೂ ಹೆಂಡದಂಗಡಿಗೂ ಹೋಯಿತು. ಕಾಯ್ದೆ ಪುಸ್ತಕದಲ್ಲಿ ಧೂಳು ತಿನ್ನುತ್ತಾ ಕೂತು, ಕೊನೆಗೆ 2000ದಲ್ಲಿ ರದ್ದಾಯಿತು.

ವಿಶಾಖಪಟ್ಟಣದ ಪೆಟ್ರೋಲು ಇಳಿದು ಬರುತ್ತಿದ್ದ ಆಂಧ್ರದ ಕರಾವಳಿಯ ಹೆದ್ದಾರಿಯಲ್ಲಿ ಆ ಕಾಲದ ದೂರು ಬೇರೆಯೇ ಆಗಿತ್ತು. ಗನ್ನವರಂ ದಾಟಿ ವಿಜಯವಾಡಕ್ಕೆ ಬರುವ ರಸ್ತೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಕಾರು ಓಡಿಸಿದವರಿಗೆ ಅದು ಗೊತ್ತು. ಅಂಬಾಸಿಡರ್, ಫಿಯೆಟ್ ಕಾರುಗಳ ಪೆಟ್ರೋಲು ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಎಂಜಿನ್ ಕಾದಾಗ ಪಂಪಿನೊಳಗೇ ಪೆಟ್ರೋಲು ಆವಿಯಾಗಿ, ಪಂಪು ಬರೀ ಗುಳ್ಳೆಯನ್ನು ಜಗಿಯುತ್ತಾ ಕೂರುತ್ತಿತ್ತು. ಕಾರು ಕೆಮ್ಮಿ ನಿಂತುಬಿಡುತ್ತಿತ್ತು. ಮದ್ದು ಸರಳ: ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮರದ ನೆರಳಲ್ಲಿ ಕಾಯುವುದು. ಆಗುಂಬೆ, ಚಾರ್ಮಾಡಿ ಹತ್ತುತ್ತಿದ್ದ ನಮ್ಮ ಟ್ಯಾಕ್ಸಿಯವರೂ ಇದನ್ನೇ ಮಾಡುತ್ತಿದ್ದರು. ವಿಜಯವಾಡದಲ್ಲಿ ಅರವತ್ತರ ದಶಕದಲ್ಲಿ ಎದ್ದ ಆಟೋನಗರ ಲಾರಿ, ಬಸ್ಸು, ಕಾರುಗಳ ರಿಪೇರಿಗೆಂದೇ ಕಟ್ಟಿದ ಊರೊಳಗಿನ ಊರು. ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ಟನ್ನು ತುಟಿಗಿಟ್ಟು ಊದಿ, ಬೆಳಕಿಗೆ ಹಿಡಿದು ನೋಡುವ ಕೈಗಳು ಅಲ್ಲಿ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಪಳಗಿದವು. ಆ ಕೈಗಳಿಗೆ ಕೆಲಸ ಕೊಟ್ಟದ್ದು ಬಿಸಿಲೊಂದೇ ಅಲ್ಲ. ಕಲಬೆರಕೆಯೂ ಹೌದು.

ಬಡವರ ಒಲೆ, ಬುಡ್ಡಿಗೆಂದು ಸರ್ಕಾರ ಸೀಮೆಎಣ್ಣೆಯನ್ನು ಅಗ್ಗವಾಗಿ ಇಟ್ಟಿತ್ತು. 2005ರ ಹೊತ್ತಿಗೆ ಪಡಿತರದ ಸೀಮೆಎಣ್ಣೆ ಲೀಟರಿಗೆ ₹9ರ ಆಸುಪಾಸು, ಪೆಟ್ರೋಲು ₹40 ದಾಟಿತ್ತು. ಆ ಅಂತರವೇ ಒಂದು ದೊಡ್ಡ ವ್ಯಾಪಾರವಾಯಿತು. ನೀಲಿ ಬಣ್ಣ ಬೆರೆಸಿದರೂ ತಡೆಯಲಾಗಲಿಲ್ಲ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತರೆ ಎಂಜಿನ್ ಏರಿನಲ್ಲಿ ಕುಟ್ಟುತ್ತದೆ, ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಇದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ: ಉರಿಯದೆ ಉಳಿದ ಸೀಮೆಎಣ್ಣೆ ಪಿಸ್ಟನ್ ರಿಂಗು ದಾಟಿ ಕೆಳಗಿನ ಎಂಜಿನ್ ಆಯಿಲಿಗೆ ಇಳಿದು ಅದನ್ನು ನೀರಾಗಿಸುತ್ತದೆ. ತಿಂಗಳುಗಟ್ಟಲೆ ಆದ ಮೇಲೆ ಬೇರಿಂಗು ಹೋದಾಗ ಯಾವ ಬಂಕಿನ ಯಾವ ದಿನದ ಪೆಟ್ರೋಲೆಂದು ಯಾರನ್ನು ಕೇಳುವುದು? ಮಾಲೀಕ ಬೋರ್ ಮಾಡಿಸಿದ, ರಿಂಗು ಹಾಕಿಸಿದ, ಗಾಡಿಯ ಜಾತಕವೇ ಸರಿಯಿಲ್ಲ ಎಂದ.

ಕೇಳಲು ಹೊರಟವನೊಬ್ಬನಿದ್ದ. ಮಂಜುನಾಥ್ ಷಣ್ಮುಗಂ ಕೋಲಾರದ ಚಿನ್ನದ ಗಣಿಯ ಊರಲ್ಲಿ ಬೆಳೆದ ಹುಡುಗ. ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, ಲಖನೌದ ಐಐಎಂನಲ್ಲಿ ಎಂಬಿಎ ಮುಗಿಸಿ, ಇಂಡಿಯನ್ ಆಯಿಲ್ ಸಂಸ್ಥೆಯ ಮಾರಾಟ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖಿಂಪುರ ಖೀರಿ ಜಿಲ್ಲೆಗೆ ಹೋದ. ಬಂಕುಗಳಿಗೆ ಹೋಗಿ ಮಾದರಿ ತೆಗೆಯುವುದು ಅವನ ಕೆಲಸದ ಭಾಗ. ಕಲಬೆರಕೆ ಸಿಕ್ಕ ಒಂದು ಬಂಕನ್ನು ಮುಚ್ಚಿಸಿದ. ಅದು ಮತ್ತೆ ತೆರೆದ ಮೇಲೆ 2005ರ ನವೆಂಬರ್ 19ರಂದು ತಪಾಸಣೆಗೆ ಹೋದವನು ಹಿಂದಿರುಗಲಿಲ್ಲ. ಅವನ ಮೈಯಲ್ಲಿ ಗುಂಡುಗಳಿದ್ದವು. ವಯಸ್ಸು 27.

ಕೊಂದವರಿಗೆ 2007ರಲ್ಲಿ ಕೆಳಗಿನ ನ್ಯಾಯಾಲಯ ಶಿಕ್ಷೆ ಕೊಟ್ಟಿತು. ಮುಖ್ಯ ಆರೋಪಿಗೆ ಮರಣದಂಡನೆ. ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು, 2015ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಸೀಮೆಎಣ್ಣೆಗೆ ಗುರುತಿನ ರಾಸಾಯನಿಕ ಬೆರೆಸುವ ಏರ್ಪಾಡು 2006ರಲ್ಲಿ ಬಂತು, ಹೆಚ್ಚು ದಿನ ಬಾಳಲಿಲ್ಲ. ಕಲಬೆರಕೆಯ ಲಾಭವನ್ನು ನಿಜವಾಗಿ ಕಡಿಮೆ ಮಾಡಿದ್ದು ಪೊಲೀಸರಲ್ಲ; ಮುಂದಿನ ವರ್ಷಗಳಲ್ಲಿ ಮನೆಮನೆಗೆ ಬಂದ ಅಡುಗೆ ಗ್ಯಾಸು, ವಿದ್ಯುತ್ತು, ಕುಗ್ಗುತ್ತಾ ಬಂದ ಪಡಿತರ ಸೀಮೆಎಣ್ಣೆ. ಮಂಜುನಾಥ ಕೈ ಹಾಕಿದ್ದು ಬೆಲೆಗಳ ಆ ಅಂತರಕ್ಕೆ. ಅವನ ಕೈಯಲ್ಲಿದ್ದದ್ದು ಮಾದರಿ ತೆಗೆಯುವ ಒಂದು ಡಬ್ಬಿ.

ಆ ಹೊತ್ತಿಗೆ ಎಂಜಿನ್ನೂ ಬದಲಾಗಿತ್ತು. ಸೀಸ ಬೆರೆಸಿದ ಪೆಟ್ರೋಲು 2000ದ ಫೆಬ್ರುವರಿಯಲ್ಲಿ ದೇಶದಿಂದಲೇ ಹೋಯಿತು. ಮಕ್ಕಳ ರಕ್ತಕ್ಕೆ ಅದು ಒಳ್ಳೆಯದಾಯಿತು. ಸೀಸದ ಲೇಪವನ್ನೇ ನಂಬಿಕೊಂಡಿದ್ದ ಹಳೆ ಎಂಜಿನ್ನುಗಳ ವಾಲ್ವ್ ಸೀಟಿಗೆ ಮಾತ್ರ ಆಗಲಿಲ್ಲ. ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂತು, ಪಂಪು ಟ್ಯಾಂಕಿನೊಳಕ್ಕೆ ಹೋಯಿತು, ಒದ್ದೆ ಬಟ್ಟೆಯ ವೈದ್ಯ ಮುಗಿಯಿತು. ತುಟಿಗಿಟ್ಟು ಊದುವ ಮೆಕ್ಯಾನಿಕ್ಕಿನ ಕೈಗೆ ಸ್ಕ್ಯಾನರ್ ಬಂತು. ಸ್ಕ್ಯಾನರ್ ಸೆನ್ಸರಿನ ಹೆಸರು ಹೇಳುತ್ತದೆ. ಟ್ಯಾಂಕಿಗೆ ಏನು ಬಿದ್ದಿದೆಯೆಂದು ನೇರವಾಗಿ ಹೇಳುವುದಿಲ್ಲ.

ಹಳೆ ಕಾಯ್ದೆ ರದ್ದಾದ ಮೂರನೇ ವರ್ಷಕ್ಕೆ, 2003ರ ಜನವರಿಯಲ್ಲಿ, ಎಥನಾಲ್ ಹಿಂಬಾಗಿಲಿನಿಂದ ಮತ್ತೆ ಬಂತು: ಕರ್ನಾಟಕ, ಆಂಧ್ರವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ 5. ಬಹಳ ಕಾಲ ಅದು ಕುಂಟುತ್ತಲೇ ಇತ್ತು. 2022ರಲ್ಲಿ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಶೇ 20 ಎಥನಾಲಿನ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಮಂಡ್ಯ ಅಲ್ಲಿಂದ ನೂರು ಕಿಲೋಮೀಟರ್. ಆ ದಿನದ ಭಾಷಣಗಳಿಗೆ ಅದು ನೆನಪಾಗಿದ್ದರೆ ಚೆನ್ನಾಗಿತ್ತು. 2030ಕ್ಕೆಂದಿದ್ದ ಶೇ 20ರ ಗುರಿ 2025ಕ್ಕೇ ಮುಟ್ಟಿತು.

ಅದೇ ವರ್ಷ ಆಗಸ್ಟಿನಲ್ಲಿ ದೂರುಗಳ ಮಳೆ ಸುರಿಯಿತು. ಮೈಲೇಜು ಬಿತ್ತು, ಪಿಕಪ್ ಇಲ್ಲ, ಹಳೆ ಗಾಡಿ ಬೆಳಿಗ್ಗೆ ಕೆಮ್ಮುತ್ತದೆ. ಸರ್ಕಾರ ಇದನ್ನು ಬಹುಪಾಲು ಅಪಪ್ರಚಾರವೆಂದಿತು. ಆದರೆ 2021ರಲ್ಲಿ ನೀತಿ ಆಯೋಗವೇ ಹೊರತಂದ ಮಾರ್ಗಸೂಚಿಯಲ್ಲಿ ಲೆಕ್ಕವಿತ್ತು: ಎಥನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ ಇ10ಕ್ಕೆ ಹೊಂದಿಸಿದ ಕಾರು ಇ20 ಕುಡಿದರೆ ಶೇ 6ರಿಂದ 7, ದ್ವಿಚಕ್ರ ವಾಹನ ಶೇ 3ರಿಂದ 4 ಮೈಲೇಜು ಕಳೆದುಕೊಳ್ಳುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ 20,000ದಿಂದ 30,000 ಕಿಲೋಮೀಟರ್ ಆದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಾಯಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ ಒಪ್ಪಿತು. ಖರ್ಚು ಹೆಚ್ಚಿಲ್ಲ, ಸರ್ವಿಸಿನಲ್ಲಿ ಮಾಡಿಸಿಕೊಳ್ಳಬಹುದು ಎಂದಿತು. ಎಂಜಿನ್ನುಗಳು ಸಾಲುಸಾಲಾಗಿ ಸತ್ತುಹೋಗುತ್ತಿವೆ ಎಂಬ ಮಾತಿಗೆ ಆಧಾರ ಸಿಗಲಿಲ್ಲ, ಅದನ್ನೂ ಹೇಳಬೇಕು. ಆದರೆ ಏನೂ ಆಗುವುದಿಲ್ಲ ಎಂಬ ಮಾತೂ ಅಷ್ಟೇ ಟೊಳ್ಳು. ಆ ಶೇ 6ರ ಬಿಲ್ಲು ಯಾರ ಹೆಸರಿಗೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಬ್ಬಿನವನಿಗೆ ಬಾಕಿ ಬೇಗ ಸಂದಾಯವಾಯಿತು, ಡಾಲರ್ ಉಳಿಯಿತು, ಹೊಗೆ ತಗ್ಗಿತು ಎಂಬ ವಾದಗಳಲ್ಲಿ ಸತ್ಯವಿದೆ. ಹಳೆ ಸ್ಕೂಟರಿನವನು ಅದಕ್ಕೆ ಸದ್ದಿಲ್ಲದೆ ವಂತಿಗೆ ಕೊಡುತ್ತಿದ್ದಾನೆ, ರಸೀದಿ ಇಲ್ಲ.

ಎಥನಾಲ್ ಬೆರೆಸದ ಪೆಟ್ರೋಲೂ ಬಂಕಿನಲ್ಲಿ ಸಿಗಬೇಕು, ಕೊಳ್ಳುವವನಿಗೆ ಆಯ್ಕೆ ಇರಬೇಕು ಎಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು.

ಬಂಕಿನಲ್ಲಿ ಕೇಳಿ ಪಡೆಯುವ ಹಕ್ಕಾಗಿ ಇವತ್ತಿಗೂ ಉಳಿದಿರುವುದು ಸಾಂದ್ರತೆ ಅಳೆಯುವ ಕೊಳವೆ, ಐದು ಲೀಟರಿನ ಅಳತೆ ಪಾತ್ರೆ, ಮತ್ತೊಂದು ಚೂರು ಫಿಲ್ಟರ್ ಕಾಗದ. ಕಾಗದದ ಮೇಲೆ ಬಿದ್ದ ಹನಿ ಕಲೆ ಬಿಡದೆ ಆರಿದರೆ ಸೀಮೆಎಣ್ಣೆ ಇಲ್ಲವೆಂದು ಲೆಕ್ಕ. ಎಥನಾಲಿಗೆ ಆ ಕಾಗದ ಸಾಲದು. ಅದಕ್ಕೆ ಗೆರೆ ಹಾಕಿದ ಗಾಜಿನ ಕೊಳವೆ ಬೇಕು. ನೂರು ಮಿಲಿಲೀಟರ್ ಪೆಟ್ರೋಲಿಗೆ ಹತ್ತು ಮಿಲಿಲೀಟರ್ ನೀರು ಹಾಕಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ನೆರಳಲ್ಲಿ ಇಡಬೇಕು. ಬೆಂಕಿ ಹತ್ತಿರ ಇರಕೂಡದು. ಸ್ವಲ್ಪ ಹೊತ್ತಿಗೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆಗೆ ಸರಿದು, ತಳದಲ್ಲಿದ್ದ ಹತ್ತರ ಗೆರೆ ಮೆಲ್ಲಗೆ ಏರಿ ಮೂವತ್ತರ ಹತ್ತಿರ ನಿಲ್ಲುತ್ತದೆ.