ಪಡಿತರದಿಂದ ದುಡಿಮೆಗೆ: ಫರೀದಾಬಾದಿನ ನಿರಾಶ್ರಿತರು

1947ರ ದೇಶವಿಭಜನೆಯ ಕಾಲದಲ್ಲಿ ವಾಯವ್ಯ ಗಡಿನಾಡಿನ ಬನ್ನೂ, ಕೋಹಾಟ್, ಡೇರಾ ಇಸ್ಮಾಯಿಲ್ ಖಾನ್ ಪ್ರದೇಶಗಳ ಹಿಂದೂ ಮತ್ತು ಸಿಖ್ ಕುಟುಂಬಗಳು ಮನೆಮಠಗಳನ್ನು ತೊರೆದು ಭಾರತಕ್ಕೆ ಬಂದವು. ಅವರಲ್ಲಿ ಅನೇಕರು ವ್ಯಾಪಾರಸ್ಥರು. ತಕ್ಕಡಿ ಹಿಡಿದ ಕೈಗಳೇ ಹೊರತು ಗುದ್ದಲಿ ಹಿಡಿದವಲ್ಲ. ಕುರುಕ್ಷೇತ್ರದ ಬೃಹತ್ ಶಿಬಿರದಲ್ಲಿ ಸರ್ಕಾರವು ಉಚಿತ ಪಡಿತರ ನೀಡಿತು. ಪ್ರಾಣ ಉಳಿಸಲು ಅದು ಬೇಕೇ ಬೇಕಾಗಿತ್ತು. ಆದರೆ ದಿನವೂ ಸಾಲಿನಲ್ಲಿ ನಿಂತು ಅನ್ನ ಪಡೆಯುವ ಗೃಹಸ್ಥನ ಮನಸ್ಸು ಕ್ರಮೇಣ ಏನಾಗುವುದೆಂಬುದನ್ನು ಬಲ್ಲವರೇ ಬಲ್ಲರು.

ಇವರಿಗಾಗಿ ದೆಹಲಿಯ ದಕ್ಷಿಣದಲ್ಲಿರುವ ಫರೀದಾಬಾದಿನ ಬಳಿ ಹೊಸ ಊರು ಕಟ್ಟಲು 1949ರಲ್ಲಿ ಒಂದು ಅಭಿವೃದ್ಧಿ ಮಂಡಳಿ ರಚಿತವಾಯಿತು. ರಾಜೇಂದ್ರ ಪ್ರಸಾದರು ಅದರ ಅಧ್ಯಕ್ಷರಾದರು; ಪ್ರಧಾನಿ ನೆಹರೂ ಅವರೇ ಸಭೆಗಳಿಗೆ ಬರುತ್ತಿದ್ದರು. ಆಡಳಿತದ ಹೊಣೆ ಸುಧೀರ್ ಘೋಷ್ ಅವರದು. ಮಂಗಳೂರಿನಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು 1948ರಲ್ಲಿ ಸ್ಥಾಪಿಸಿದ್ದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸಹಕಾರ ಸಂಘಗಳನ್ನು ಕಟ್ಟುವ ಕೆಲಸಕ್ಕೆ ಇಳಿಯಿತು. ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ಲಕ್ಷ್ಮೀಚಂದ್ ಜೈನ್ ಅಲ್ಲಿ ದುಡಿದವರಲ್ಲಿ ಒಬ್ಬರು.

ಮನೆಗಳನ್ನು ಕಟ್ಟುವವರು ಯಾರು ಎಂಬುದೇ ಮುಖ್ಯ ಪ್ರಶ್ನೆಯಾಯಿತು. ಗುತ್ತಿಗೆದಾರರಿಗೆ ಒಪ್ಪಿಸುವುದು ಸರ್ಕಾರದ ರೂಢಿ. ನಿರಾಶ್ರಿತರಾದರೋ ತಾವೇ ಕಟ್ಟಿಕೊಳ್ಳುವುದಾಗಿ ಹೇಳಿದರು. ಗಾರೆ ಕೆಲಸ ಅರಿಯದ ವರ್ತಕರಿಂದ ಇದಾದೀತೇ ಎಂಬ ಸಂದೇಹ ನಿರಾಧಾರವಾದುದೇನೂ ಅಲ್ಲ. ಆದರೂ ಕೆಲಸ ಅವರಿಗೇ ದೊರೆಯಿತು. ಇಟ್ಟಿಗೆ ಹೊರುತ್ತ, ಗೋಡೆ ಎಬ್ಬಿಸುತ್ತ ಅವರು ಕಸುಬು ಕಲಿತರು. ಉಚಿತ ಪಡಿತರ ನಿಂತು ಕೂಲಿ ಆರಂಭವಾಯಿತು.

ಲೆಕ್ಕ ಬಲ್ಲವರಿಗೆ ಇದರ ಅರ್ಥ ಸ್ಪಷ್ಟ. ಪಡಿತರದ ಹಣ ಅಂದಂದೇ ಕರಗುವ ಖರ್ಚು. ಅದೇ ಹಣ ಕೂಲಿಯಾದಾಗ ಊಟವೂ ನಡೆಯಿತು, ಗೋಡೆಯೂ ಎದ್ದಿತು, ಕೈಗೆ ವಿದ್ಯೆಯೂ ಬಂದಿತು. ಗುತ್ತಿಗೆದಾರನ ಪಾಲಾಗುತ್ತಿದ್ದ ಲಾಭ ದುಡಿದವರ ಸಂಘದಲ್ಲೇ ಉಳಿಯಿತು.

ಆದರೆ ಕಟ್ಟಡದ ಕೆಲಸ ಎಷ್ಟು ದಿನ ನಡೆದೀತು? ಊರು ಮುಗಿದ ದಿನ ಊರು ಕಟ್ಟಿದವನೇ ನಿರುದ್ಯೋಗಿ. ಇದನ್ನು ಮೊದಲೇ ಕಂಡು ವಿದ್ಯುತ್ ಕೇಂದ್ರ, ಕಾರ್ಖಾನೆಗಳನ್ನು ಯೋಜಿಸಲಾಗಿತ್ತು. ವಿದ್ಯುತ್ತೂ ಬಂದಿತು, ಕೈಗಾರಿಕೆಯೂ ಬೆಳೆಯಿತು. ಸಹಕಾರ ಸಂಘಗಳು ಮಾತ್ರ ಬಾಳಲಿಲ್ಲ. ಆಡಳಿತವು ಪುನರ್ವಸತಿ ಸಚಿವಾಲಯದ ಕೈಸೇರಿದ ಮೇಲೆ ಕಡತಗಳ ಭಾರದಲ್ಲಿ ಅವು ಒಂದೊಂದಾಗಿ ಮುಚ್ಚಿದವು. ತಮ್ಮ ಊರಿನ ವಹಿವಾಟನ್ನು ತಾವೇ ನಡೆಸಬಲ್ಲೆವೆಂದು ತೋರಿಸಿದ್ದವರು ಮತ್ತೆ ಅರ್ಜಿದಾರರಾದರು. ಜೈನ್ ಅವರು ಅರ್ಧಶತಮಾನದ ಬಳಿಕ, 1998ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಕಥೆಯನ್ನು ದಾಖಲಿಸಿದರು.

ನಿರಾಶ್ರಿತರು ಸ್ವತಃ ದುಡಿದು ಕಟ್ಟಿದ ಆಸ್ಪತ್ರೆಯನ್ನು 1951ರಲ್ಲಿ ನೆಹರೂ ಉದ್ಘಾಟಿಸಿದರು. ಗಡಿನಾಡಿನ ನಾಯಕ ಖಾನ್ ಅಬ್ದುಲ್ ಗಫಾರ್ ಖಾನರ ಗೌರವಾರ್ಥವಾಗಿ ಅದಕ್ಕೆ ಬಾದಶಾಹ್ ಖಾನ್ ಆಸ್ಪತ್ರೆಯೆಂದು ಹೆಸರಿಟ್ಟಿದ್ದರು. ತಾವು ಕಳೆದುಕೊಂಡ ನಾಡಿನ ಮುಸಲ್ಮಾನ ನಾಯಕನ ಹೆಸರನ್ನು ಅವರು ಆರಿಸಿಕೊಂಡದ್ದು ಗಮನಾರ್ಹ. 2020ರಲ್ಲಿ ಆ ಹೆಸರನ್ನು ಬದಲಾಯಿಸಲಾಯಿತು.